ಗ್ರಾಮ ಪಂಚಾಯಿತಿ ನೌಕರರ ಕೆಲಸದ ಸುರಕ್ಷತೆ: ತರಬೇತಿ ಮತ್ತು ಸದಸ್ಯರ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಭಾರತದಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿಯು 1966ರ ಮಾರ್ಚ್ 4ರಂದು ಸ್ಥಾಪನೆಯಾಯಿತು. ಅದರ ನೆನಪಿಗಾಗಿ 1972ರಿಂದ ಪ್ರತಿವರ್ಷ ಅದೇ ದಿನವನ್ನು ರಾಷ್ಟ್ರೀಯ ಸುರಕ್ಷತಾ ದಿನವೆಂದು ಆಚರಿಸಲಾಗುತ್ತಿದೆ. ಕಾರ್ಖಾನೆಗಳಲ್ಲಿ, ಗಣಿಗಳಲ್ಲಿ, ವಿದ್ಯುತ್ ಕೇಂದ್ರಗಳಲ್ಲಿ ಆ ದಿನ ಪ್ರತಿಜ್ಞಾವಿಧಿ ನಡೆಯುತ್ತದೆ, ಭಿತ್ತಿಪತ್ರಗಳು ಏರುತ್ತವೆ. ಆದರೆ ಗ್ರಾಮ ಪಂಚಾಯಿತಿಯೂ ಒಂದು ಕೆಲಸದ ಸ್ಥಳ, ಅಲ್ಲಿಯೂ ಪ್ರಾಣಾಪಾಯವಿದೆ ಎಂಬ ಭಾವನೆ ಇನ್ನೂ ಬೇರೂರಿಲ್ಲ. ಪಂಚಾಯಿತಿ ಎಂದೊಡನೆ ಕಣ್ಣಿಗೆ ಬರುವುದು ಮೇಜು, ಕುರ್ಚಿ, ಕಡತ ಮತ್ತು ಕಂಪ್ಯೂಟರ್. ಕರ ವಸೂಲಿಗಾರರಿಗೂ ಡಾಟಾ ಎಂಟ್ರಿ ಆಪರೇಟರಿಗೂ ಆ ಚಿತ್ರ ಬಹುಮಟ್ಟಿಗೆ ಸರಿ. ನೀರುಗಂಟಿಗೆ, ಸ್ವಚ್ಛತಾಗಾರರಿಗೆ, ಸ್ವಚ್ಛವಾಹಿನಿಯ ಚಾಲಕಿ ಮತ್ತು ಸಹಾಯಕಿಯರಿಗೆ ಅದು ಸರಿಯಲ್ಲ. ಅವರ ಕೆಲಸದ ಸ್ಥಳವೆಂದರೆ ಪಂಪ್‌ಹೌಸ್, ಮೇಲ್ಮಟ್ಟದ ನೀರಿನ ತೊಟ್ಟಿ, ವಾಲ್ವ್ ಗುಂಡಿ, ಚರಂಡಿ ಮತ್ತು ಕಸ ವಿಂಗಡಣೆಯ ಶೆಡ್ಡು. ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ಇರಬಹುದಾದ ಅಪಾಯಗಳೆಲ್ಲವೂ, ಅಂದರೆ ವಿದ್ಯುತ್ತು, ಎತ್ತರ, ವಿಷಾನಿಲ, ರಾಸಾಯನಿಕ, ಸೋಂಕು, ಅಲ್ಲಿ ಒಟ್ಟಾಗಿವೆ. ಕಾರ್ಖಾನೆಯಲ್ಲಿರುವ ಸುರಕ್ಷತಾ ಅಧಿಕಾರಿ ಮಾತ್ರ ಅಲ್ಲಿಲ್ಲ.

ಒಂದು ಬೆಳಗಿನ ಚಿತ್ರ

ಮಳೆಗಾಲದ ಒಂದು ಬೆಳಗನ್ನು ಸದಸ್ಯರು ಕಣ್ಣಮುಂದೆ ತಂದುಕೊಳ್ಳಬಹುದು. ಈ ಚಿತ್ರ ಯಾವುದೋ ಒಂದು ಊರಿನದಲ್ಲ. ಎಲ್ಲ ಊರುಗಳಲ್ಲಿಯೂ ನಡೆಯುವಂಥದು. ಮರುದಿನ ಊರಹಬ್ಬ. ಮನೆಗೆ ನೆಂಟರು ಬಂದಿದ್ದಾರೆ. ರಾತ್ರಿಯೆಲ್ಲ ಮಳೆ ಸುರಿದಿದೆ. ಬೆಳಗ್ಗೆ ಐದೂವರೆಗೆ ನಲ್ಲಿಯಲ್ಲಿ ನೀರಿಲ್ಲ. ವಾರ್ಡಿನ ಹೆಣ್ಣುಮಕ್ಕಳು ಕೊಡ ಹಿಡಿದು ಸದಸ್ಯರ ಮನೆಯ ಮುಂದೆ ನಿಲ್ಲುತ್ತಾರೆ. ಸದಸ್ಯರು ನೀರುಗಂಟಿಗೆ ದೂರವಾಣಿ ಕರೆ ಮಾಡುತ್ತಾರೆ. ಸ್ಟಾರ್ಟರ್ ನಿಲ್ಲುತ್ತಿಲ್ಲ, ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುತ್ತಿದೆ, ವೈರ್‌ಮನ್ ಬರಲಿ ಎಂದು ಆತ ಹೇಳುತ್ತಾನೆ. ಆಗ ಸದಸ್ಯರ ಬಾಯಿಂದ ಸಹಜವಾಗಿ ಹೊರಡುವ ಮಾತು ಒಂದೇ: ‘ಹಬ್ಬದ ದಿನ ಕಣಪ್ಪಾ, ಹೇಗಾದರೂ ಮಾಡು.’

ಆ ಮಾತಿನಲ್ಲಿ ಕೆಡುಕಿಲ್ಲ. ಜನರ ಕಷ್ಟಕ್ಕೆ ಸ್ಪಂದಿಸುವ ಕಾಳಜಿಯೇ ಅದರಲ್ಲಿದೆ. ಆದರೆ ಕರೆ ಮುಗಿದ ಮೇಲೆ ಆ ಮಾತನ್ನು ಕಾರ್ಯರೂಪಕ್ಕೆ ತರುವವನು ಒಬ್ಬನೇ. ಅವನ ಪಾದಗಳು ಒದ್ದೆಯಾಗಿವೆ. ಕೈಯಲ್ಲಿರುವುದು ಹಿಡಿಯ ಪ್ಲಾಸ್ಟಿಕ್ ಒಡೆದ ಒಂದು ಸ್ಕ್ರೂಡ್ರೈವರ್. ಪಂಪ್‌ಹೌಸ್ ಊರಿನಿಂದ ದೂರದಲ್ಲಿದೆ, ಕೂಗಿದರೆ ಕೇಳುವವರಿಲ್ಲ. ‘ಹೇಗಾದರೂ’ ಎಂಬ ಪದದ ನಿಜವಾದ ಅರ್ಥ ಅಲ್ಲಿ ತೆರೆದುಕೊಳ್ಳುತ್ತದೆ: ನಿಯಮ ಬಿಟ್ಟಾದರೂ, ಸಲಕರಣೆ ಇಲ್ಲದಿದ್ದರೂ, ಒಬ್ಬನೇ ಆದರೂ.

ನೌಕರರ ಸುರಕ್ಷತಾ ತರಬೇತಿಯ ಕುರಿತು ಮಾತನಾಡುವಾಗ ಈ ಕರೆಯಿಂದಲೇ ಆರಂಭಿಸಬೇಕು. ನೌಕರನಿಗೆ ಎಷ್ಟೇ ತರಬೇತಿ ಕೊಟ್ಟರೂ, ‘ಈಗ ಈ ಕೆಲಸ ಮಾಡಲಾಗದು’ ಎಂದು ಹೇಳುವ ಹಕ್ಕು ಅವನಿಗೆ ಇಲ್ಲದಿದ್ದರೆ ಆ ತರಬೇತಿ ಹಾಜರಿ ಪುಸ್ತಕದ ಸಹಿಗಳಲ್ಲಿಯೇ ಮುಗಿದುಹೋಗುತ್ತದೆ. ಆ ಹಕ್ಕನ್ನು ಕೊಡಬಲ್ಲವರು ಸದಸ್ಯರೇ ವಿನಾ ತರಬೇತುದಾರರಲ್ಲ.

ವಿದ್ಯುತ್ತು: ಕಣ್ಣಿಗೆ ಕಾಣದ ಲೆಕ್ಕ

ಪಂಪಿಗೆ ಬರುವ ಮೂರು ಫೇಸ್ ವಿದ್ಯುತ್ತಿನಲ್ಲಿ ಒಂದು ಫೇಸಿನಿಂದ ಇನ್ನೊಂದು ಫೇಸಿಗೆ 415 ವೋಲ್ಟ್ ಇರುತ್ತದೆ. ಫೇಸಿನಿಂದ ನ್ಯೂಟ್ರಲ್‌ಗೆ ಸುಮಾರು 230 ವೋಲ್ಟ್. ಮನುಷ್ಯನ ಪ್ರಾಣವನ್ನು ನಿರ್ಧರಿಸುವುದು ದೇಹದ ಮೂಲಕ ಹರಿಯುವ ಪ್ರವಾಹ. ಸುಮಾರು 10 ಮಿಲಿ ಆಂಪಿಯರ್ ಹರಿದರೆ ಕೈಯ ಸ್ನಾಯುಗಳು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರುತ್ತದೆ. 30 ಮಿಲಿ ಆಂಪಿಯರ್ ದಾಟಿದರೆ ಉಸಿರಾಟಕ್ಕೂ ಹೃದಯಕ್ಕೂ ಅಪಾಯ. ಚರ್ಮ ಒಣಗಿದ್ದಾಗ ಪ್ರವಾಹಕ್ಕೆ ಒಂದಿಷ್ಟು ತಡೆಯೊಡ್ಡುತ್ತದೆ. ಒದ್ದೆಯಾದಾಗ ಆ ತಡೆ ಬಹಳವಾಗಿ ಕುಸಿಯುತ್ತದೆ. ನೀರುಗಂಟಿಯ ಕೆಲಸವೇ ನೀರಿನ ನಡುವೆ ಎಂಬುದನ್ನು ಇಲ್ಲಿ ನೆನೆಯಬೇಕು.

ಎಂ.ಸಿ.ಬಿ. ಇರುವುದರಿಂದ ಭಯವಿಲ್ಲ ಎಂಬುದು ಹಲವರ ನಂಬಿಕೆ. ಇದನ್ನು ಲೆಕ್ಕ ಹಾಕಿ ನೋಡಬೇಕು. 16 ಆಂಪಿಯರಿನ ಎಂ.ಸಿ.ಬಿ. ಎಂದರೆ 16,000 ಮಿಲಿ ಆಂಪಿಯರ್. ಅದನ್ನು ಮೀರಿದಾಗಲಷ್ಟೇ ಅದು ಬೀಳಬೇಕು. ಪ್ರಾಣಾಪಾಯಕ್ಕೆ ಸಾಕಾಗುವ 30 ಮಿಲಿ ಆಂಪಿಯರ್ ಅದರ 500ರಲ್ಲಿ ಒಂದು ಭಾಗವೂ ಆಗುವುದಿಲ್ಲ. ಅಂದರೆ, ಮನುಷ್ಯನೊಬ್ಬನ ದೇಹದಲ್ಲಿ ವಿದ್ಯುತ್ ಹರಿಯುತ್ತಿರುವುದು ಎಂ.ಸಿ.ಬಿ.ಗೆ ತಿಳಿಯುವುದೇ ಇಲ್ಲ. ಅದು ತಂತಿಯನ್ನೂ ಮೋಟಾರನ್ನೂ ಕಾಯಲು ಇರುವ ಸಾಧನ. ಮನುಷ್ಯನನ್ನು ಕಾಯಲು ಇರುವುದು ಭೂಸೋರಿಕೆಯನ್ನು ಗುರುತಿಸಿ ಕಣ್ಣುಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ.; ಮನುಷ್ಯರ ರಕ್ಷಣೆಗೆಂದು ಬಳಸುವುದರ ಮೇಲೆ 30 ಮಿಲಿ ಆಂಪಿಯರ್ ಎಂದು ಬರೆದಿರುತ್ತದೆ. ಪಂಚಾಯಿತಿಯ ಪ್ರತಿ ಪಂಪ್‌ಹೌಸಿನಲ್ಲಿ ತಕ್ಕ ಭೂಸೋರಿಕೆ ರಕ್ಷಣೆ ಇದೆಯೇ ಎಂಬುದನ್ನು ಅರ್ಹ ವಿದ್ಯುತ್ ಗುತ್ತಿಗೆದಾರರಿಂದ ಪರಿಶೀಲಿಸಿ, ಇಲ್ಲದ ಕಡೆ ಅಳವಡಿಸಬೇಕು. ‘ಪದೇ ಪದೇ ಬೀಳುತ್ತಿದೆ’ ಎಂದು ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡುವ ಅಭ್ಯಾಸ ಹಲವೆಡೆ ಇದೆ. ಬೀಳುತ್ತಿದೆ ಎಂದರೆ ಎಲ್ಲಿಯೋ ಸೋರಿಕೆ ಇದೆ ಎಂದೇ ಅರ್ಥ. ಸೋರಿಕೆಯನ್ನು ಹುಡುಕಬೇಕೇ ಹೊರತು ಕಾವಲುಗಾರನನ್ನು ಹೊರಹಾಕಬಾರದು. ಫ್ಯೂಸಿಗೆ ದಪ್ಪ ತಂತಿ ಸುತ್ತುವುದೂ ಇದೇ ಜಾತಿಯ ತಪ್ಪು. ಅಂತೆಯೇ, ಭೂಸಂಪರ್ಕದ ಗುಂಡಿಯು ಬೇಸಿಗೆಯಲ್ಲಿ ಒಣಗಿದರೆ ಅದರ ಕೆಲಸ ಕುಂಠಿತವಾಗುತ್ತದೆ. ಆ ಗುಂಡಿಗೆ ನೀರು ಹಾಕಿಸುವುದು ಖರ್ಚಿಲ್ಲದ ಕೆಲಸ. ಅದನ್ನು ಮಾಡುವವರು ಯಾರೆಂದು ನಿಗದಿಯಾಗಿರಬೇಕಷ್ಟೆ.

ಗ್ರಾಮಾಂತರ ಪ್ರದೇಶಕ್ಕೆ ವಿಶೇಷವಾದ ಅಪಾಯವೊಂದಿದೆ. ಮೂರು ಫೇಸ್ ವಿದ್ಯುತ್ತು ಪಾಳಿಯಲ್ಲಿ ಬರುತ್ತದೆ. ಪಾಳಿಯ ವೇಳೆ ಬದಲಾಗುತ್ತದೆ. ಕರೆಂಟ್ ಬಂದೊಡನೆ ತಾನಾಗಿಯೇ ಮೋಟಾರು ಚಾಲೂ ಆಗಲೆಂದು ಆಟೋ ಸ್ಟಾರ್ಟರ್ ಹಾಕಿರಲಾಗುತ್ತದೆ. ‘ಈಗ ಕರೆಂಟ್ ಇಲ್ಲ’ ಎಂದು ಪೆಟ್ಟಿಗೆಯೊಳಗೆ ಕೈಹಾಕಿದ ಕ್ಷಣದಲ್ಲಿಯೇ ಕರೆಂಟ್ ಬರಬಹುದು. ಕರೆಂಟ್ ಹೋಗಿದೆ ಎಂಬುದೂ ಕರೆಂಟ್ ತೆಗೆದಿದೆ ಎಂಬುದೂ ಒಂದೇ ಅಲ್ಲ. ತರಬೇತಿಯಲ್ಲಿ ನೀರುಗಂಟಿ ಬಾಯಿಪಾಠವಾಗುವಷ್ಟು ಸಲ ಕೈಯಾರೆ ಮಾಡಿ ಕಲಿಯಬೇಕಾದ ಕ್ರಮ ಇದು: ಮುಖ್ಯ ಸ್ವಿಚ್ ಇಳಿಸುವುದು, ಫ್ಯೂಸ್ ಹಿಡಿಗಳನ್ನು ಕಿತ್ತು ಸ್ವಂತ ಜೇಬಿನಲ್ಲಿ ಇಟ್ಟುಕೊಳ್ಳುವುದು, ‘ಕೆಲಸ ನಡೆದಿದೆ’ ಎಂಬ ಫಲಕ ತೂಗುಹಾಕುವುದು, ಟೆಸ್ಟರ್ ಸರಿಯಿದೆಯೇ ಎಂದು ಬೇರೆಡೆ ನೋಡಿಕೊಂಡು ಆಮೇಲೆ ಮೂರೂ ಫೇಸ್‌ಗಳನ್ನು ಪರೀಕ್ಷಿಸುವುದು. ಅದಾದ ಬಳಿಕವೂ ಪೆಟ್ಟಿಗೆಯನ್ನು ಹೊರಗಿನಿಂದ ಪರೀಕ್ಷಿಸುವುದು, ಮೋಟಾರು ಹಾಕುವುದು, ತೆಗೆಯುವುದು ಮಾತ್ರ ನೀರುಗಂಟಿಯ ಕೆಲಸ. ಒಳಗಿನ ದುರಸ್ತಿ ಅರ್ಹ ವೈರ್‌ಮನ್ನನದು.

ಬೀದಿದೀಪದ ಕಂಬದ ವಿಷಯದಲ್ಲಿ ಮಾತು ಇನ್ನೂ ಸ್ಪಷ್ಟವಾಗಿರಬೇಕು. ಪಂಚಾಯಿತಿಯ ನೌಕರನನ್ನು ಕಂಬ ಹತ್ತಿಸಕೂಡದು. ವಿದ್ಯುತ್ ಕಂಪನಿಯಿಂದ ವಿಧಿವತ್ತಾಗಿ ಲೈನ್ ಕ್ಲಿಯರ್ ಪಡೆದು, ಅರ್ಹ ವ್ಯಕ್ತಿಯೇ ಆ ಕೆಲಸ ಮಾಡಬೇಕು. ದೀಪವೊಂದು ಎರಡು ರಾತ್ರಿ ಉರಿಯದಿದ್ದರೆ ಒಂದು ಬೀದಿಗೆ ಕತ್ತಲೆ, ಅದಕ್ಕೆ ಪರಿಹಾರವಿದೆ. ತಂತಿ ಹರಿದು ಬಿದ್ದಿದ್ದರೆ ಯಾರೂ ಹತ್ತಿರ ಸುಳಿಯದಂತೆ ಕಾವಲು ನಿಲ್ಲಿಸಿ 1912ಕ್ಕೆ ಕರೆ ಮಾಡುವುದಷ್ಟೇ ಪಂಚಾಯಿತಿಯ ಕರ್ತವ್ಯ.

ಎತ್ತರ ಮತ್ತು ಬ್ಲೀಚಿಂಗ್ ಪುಡಿ

ಮೇಲ್ಮಟ್ಟದ ತೊಟ್ಟಿಯನ್ನು ಶುಚಿಗೊಳಿಸಿದ ದಿನಾಂಕವನ್ನು ಬಣ್ಣದಲ್ಲಿ ಬರೆಸುವ ಪದ್ಧತಿ ಇದೆ. ಏಣಿಯ ಮೆಟ್ಟಿಲುಗಳನ್ನು ಪರೀಕ್ಷಿಸಿದ ದಿನಾಂಕವನ್ನು ಬರೆಸಿರುವ ತೊಟ್ಟಿ ಅಪರೂಪ. ಮಳೆಬಿಸಿಲಿಗೆ ಕಬ್ಬಿಣದ ಮೆಟ್ಟಿಲು ಒಳಗಿನಿಂದ ತುಕ್ಕು ತಿನ್ನುತ್ತದೆ. ಮೇಲೆ ಬಳಿದ ಬಣ್ಣ ಅದನ್ನು ಮರೆಮಾಚುತ್ತದೆ. ಬ್ಲೀಚಿಂಗ್ ಪುಡಿಯ ಬಕೆಟ್ಟನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದೇ ಕೈಯಲ್ಲಿ ಏಣಿ ಹತ್ತುವುದು ಅತ್ಯಂತ ಸಾಮಾನ್ಯ ದೃಶ್ಯ. ತಿದ್ದುಪಡಿ ಸರಳ: ಮೊದಲು ಬರಿಗೈಯಲ್ಲಿ ಹತ್ತಿ, ಆಮೇಲೆ ಹಗ್ಗದಿಂದ ಬಕೆಟ್ಟನ್ನು ಮೇಲಕ್ಕೆ ಸೇದಿಕೊಳ್ಳಬೇಕು, ಕೆಳಗೆ ಇನ್ನೊಬ್ಬನಿರಬೇಕು, ಏಣಿಗೆ ಸುತ್ತು ಕಟಕಟೆ ಇರಬೇಕು, ಮೇಲೆ ನಡುಪಟ್ಟಿಯ ಬದಲು ಪೂರ್ಣ ದೇಹದ ಸುರಕ್ಷತಾ ಪಟ್ಟಿ ಧರಿಸಿ, ಅದನ್ನು ಗಟ್ಟಿಯಾದ ಕೊಂಡಿಗೆ ಸಿಕ್ಕಿಸಿಕೊಳ್ಳಬೇಕು.

ಬ್ಲೀಚಿಂಗ್ ಪುಡಿ ಊರಿನ ಆರೋಗ್ಯವನ್ನು ಕಾಯುವ ವಸ್ತು. ಆದರೆ ಅದನ್ನು ಬಳಸುವವನಿಗೆ ಅದು ರಾಸಾಯನಿಕವೇ. ಶೌಚಾಲಯ ತೊಳೆಯುವ ಆಸಿಡ್ಡಿನೊಂದಿಗೆ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಎಷ್ಟೋ ಪಂಚಾಯಿತಿಗಳ ಉಗ್ರಾಣದಲ್ಲಿ ಇವೆರಡೂ ಒಂದೇ ಮೂಲೆಯಲ್ಲಿ ಇರುತ್ತವೆ. ಅವನ್ನು ಈ ವಾರವೇ ಬೇರ್ಪಡಿಸಬಹುದು. ಪುಡಿಯನ್ನು ತೊಟ್ಟಿಯೊಳಗೆ ಇಳಿದು ಉದುರಿಸಬಾರದು. ಹೊರಗೆ ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಬಳಿಕ ನೀರು ಸೇರಿಸಿ, ಗಷ್ಟು ತಳಕ್ಕೆ ನಿಂತ ಮೇಲೆ ತಿಳಿಯನ್ನು ಬಳಸಬೇಕು. ಕಣ್ಣಿಗೆ ಕನ್ನಡಕ, ಕೈಗೆ ಕೈಗವಸು ಬೇಕು. ಬಾಯಿಗೆ ಕಟ್ಟಿದ ಟವೆಲ್ ಅನಿಲವನ್ನು ತಡೆಯುವುದಿಲ್ಲ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು.

ಗುಂಡಿಗೆ ಇಳಿಯಬಾರದು: ಇದಕ್ಕೆ ವಿನಾಯಿತಿ ಇಲ್ಲ

ಶೌಚಗುಂಡಿ, ಸೆಪ್ಟಿಕ್ ಟ್ಯಾಂಕ್, ಹಳೆಯ ಬಾವಿ, ಮುಚ್ಚಿದ ಸಂಪು: ಇವುಗಳೊಳಗಿನ ಗಾಳಿ ಹೊರಗಿನ ಗಾಳಿಯಂಥದಲ್ಲ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 20.9 ಇರುತ್ತದೆ, ಶೇ. 19.5ಕ್ಕಿಂತ ಇಳಿದರೆ ಆ ಸ್ಥಳವನ್ನು ಅಸುರಕ್ಷಿತವೆಂದು ಪರಿಗಣಿಸಲಾಗುತ್ತದೆ. ಕೊಳೆಯುವ ಮಲಿನದಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಗಾಳಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಅಲ್ಪ ಪ್ರಮಾಣದಲ್ಲಿ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಆದರೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ಸುಮಾರು 100 ಭಾಗದಷ್ಟಾದರೆ ಮೂಗಿನ ವಾಸನಾಶಕ್ತಿಯನ್ನೇ ಕುಂದಿಸುತ್ತದೆ. ‘ಈಗ ವಾಸನೆ ಹೋಯಿತು, ಇಳಿಯಬಹುದು’ ಎಂದು ತೋರುವ ಕ್ಷಣವೇ ಅತ್ಯಂತ ಅಪಾಯದ ಕ್ಷಣವಾಗಿರಬಹುದು. ಪ್ರಮಾಣ ಇನ್ನೂ ಹೆಚ್ಚಿದ್ದರೆ ಕೆಲವೇ ಉಸಿರುಗಳಲ್ಲಿ ಮನುಷ್ಯ ಕುಸಿಯುತ್ತಾನೆ, ಕೂಗಲೂ ಸಮಯವಿರುವುದಿಲ್ಲ. ಯಂತ್ರದಿಂದ ಖಾಲಿ ಮಾಡಿದ ಗುಂಡಿಯೂ ಸುರಕ್ಷಿತವಲ್ಲ. ತಳದ ಗಷ್ಟನ್ನು ಕಲಕಿದೊಡನೆ ಅದರಲ್ಲಿ ಅಡಗಿದ್ದ ಅನಿಲ ಹೊರಬರುತ್ತದೆ.

ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುವ ರೂಢಿ ಹಳ್ಳಿಗಳಲ್ಲಿ ಇದೆ. ದೀಪ ಆರದಿದ್ದರೆ ಇಳಿಯಬಹುದೆಂಬ ಈ ನಂಬಿಕೆ ಎರಡು ರೀತಿಯಲ್ಲಿ ತಪ್ಪು. ಮೊದಲನೆಯದಾಗಿ, ದೀಪವು ಆಮ್ಲಜನಕ ಬಹಳವಾಗಿ ಇಳಿಯುವವರೆಗೂ ಉರಿಯುತ್ತಲೇ ಇರಬಹುದು. ವಿಷಾನಿಲದ ಬಗೆಗೆ ಅದು ಏನನ್ನೂ ಹೇಳುವುದಿಲ್ಲ. ಎರಡನೆಯದಾಗಿ, ಶೌಚಗುಂಡಿಯಲ್ಲಿ ಮೀಥೇನ್ ಇದ್ದರೆ ಆ ದೀಪವೇ ಸ್ಫೋಟಕ್ಕೆ ಕಾರಣವಾದೀತು.

ಇಲ್ಲಿ ಮರಣಕ್ಕೆ ಇನ್ನೊಂದು ಮುಖವಿದೆ. ಮೊದಲು ಇಳಿದವನು ಕುಸಿದದ್ದನ್ನು ಕಂಡು ಎರಡನೆಯವನು ಇಳಿಯುತ್ತಾನೆ. ಅವನನ್ನು ಎತ್ತಲು ಮೂರನೆಯವನು. ಹಲವು ಬಾರಿ ಅವರು ಅಣ್ಣತಮ್ಮಂದಿರು, ತಂದೆ ಮಕ್ಕಳು ಅಥವಾ ಜತೆಗಾರರೇ ಆಗಿರುತ್ತಾರೆ. ಇಂತಹ ಇಕ್ಕಟ್ಟಿನ ಸ್ಥಳಗಳ ಸಾವುಗಳಲ್ಲಿ ಶೇ. 60ಕ್ಕಿಂತ ಹೆಚ್ಚಿನವರು ಕಾಪಾಡಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1986ರಲ್ಲಿ ಹೊರಡಿಸಿದ ಎಚ್ಚರಿಕೆ ಪತ್ರದಲ್ಲಿ ಹೇಳಿತ್ತು. ಕರುಣೆಯೇ ಅಲ್ಲಿ ಪ್ರಾಣ ತೆಗೆಯುತ್ತದೆ. ಆದುದರಿಂದ ಪ್ರತಿ ನೌಕರನಿಗೂ, ಅಷ್ಟೇ ಮುಖ್ಯವಾಗಿ ಊರಿನ ಪ್ರತಿ ಯುವಕನಿಗೂ ತಿಳಿದಿರಬೇಕಾದ ಪಾಠವೆಂದರೆ: ಗುಂಡಿಯಲ್ಲಿ ಒಬ್ಬ ಬಿದ್ದಿದ್ದರೆ ಇನ್ನೊಬ್ಬ ಇಳಿಯಬಾರದು, 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು, ಜನರನ್ನು ದೂರ ನಿಲ್ಲಿಸಬೇಕು. ಈ ಮಾತು ಕೇಳಲು ನಿಷ್ಠುರವಾಗಿದೆ. ಇದನ್ನು ಮೊದಲೇ ಹೇಳಿರದಿದ್ದರೆ ಆ ಗಳಿಗೆಯಲ್ಲಿ ಹೇಳಿ ಯಾರನ್ನೂ ತಡೆಯಲಾಗುವುದಿಲ್ಲ.

ಕಾನೂನಿನ ದೃಷ್ಟಿಯಿಂದಲೂ ಇಲ್ಲಿ ಯಾವ ಸಂದೇಹಕ್ಕೂ ಎಡೆಯಿಲ್ಲ. ಮ್ಯಾನುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಅವರ ಪುನರ್ವಸತಿ ಅಧಿನಿಯಮ, 2013ರ 7ನೇ ಪ್ರಕರಣದಂತೆ ಯಾವುದೇ ವ್ಯಕ್ತಿ, ಸ್ಥಳೀಯ ಪ್ರಾಧಿಕಾರ ಅಥವಾ ಸಂಸ್ಥೆ ಒಳಚರಂಡಿಯ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಕಾರ್ಯಕ್ಕೆ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ತೊಡಗಿಸುವಂತಿಲ್ಲ. ಮೊದಲ ಉಲ್ಲಂಘನೆಗೆ ಎರಡು ವರ್ಷಗಳವರೆಗೆ ಕಾರಾಗೃಹವಾಸ ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮರುಕಳಿಸಿದರೆ ಐದು ವರ್ಷ ಮತ್ತು ಐದು ಲಕ್ಷದವರೆಗೆ ಏರುತ್ತದೆ. ಒಳಚರಂಡಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರ ಮಾರ್ಚ್ 27ರಂದು ಆದೇಶಿಸಿತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಖಾಸಗಿ ಮನೆಯ ಮಾಲೀಕ ಕೂಲಿಯವನನ್ನು ಕರೆದು ಗುಂಡಿಗಿಳಿಸಿದರೂ ಕಾನೂನು ಅನ್ವಯಿಸುತ್ತದೆ ಎಂಬುದನ್ನು ವಾರ್ಡಿನ ಪ್ರತಿ ಮನೆಗೆ ತಿಳಿಸುವ ಹೊಣೆ ಸದಸ್ಯರದು. ಸಕ್ಕಿಂಗ್ ಯಂತ್ರದ ದೂರವಾಣಿ ಸಂಖ್ಯೆಯನ್ನು ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸುವುದರಿಂದ ಆ ಕೆಲಸ ಆರಂಭವಾಗಲಿ.

ಕಸದ ಚೀಲದೊಳಗಿನ ಅಪಾಯ

ಸ್ವಚ್ಛವಾಹಿನಿಯ ಮಹಿಳೆಯರು ತೆರೆಯುವ ಪ್ರತಿ ಚೀಲದಲ್ಲಿಯೂ ಬ್ಲೇಡು, ಒಡೆದ ಗಾಜು, ಸಿರಿಂಜು ಇರಬಹುದು. ಕಸ ನಿರ್ವಹಿಸುವ ಕಾರ್ಮಿಕರಿಗೆ ಸಮವಸ್ತ್ರ, ಕೈಗವಸು, ಮಳೆಯಂಗಿ, ತಕ್ಕ ಪಾದರಕ್ಷೆ, ಮುಖಗವಸು ದೊರೆಯುವಂತೆ ನೋಡಿಕೊಳ್ಳುವುದನ್ನು 2016ರ ಘನ ತ್ಯಾಜ್ಯ ನಿರ್ವಹಣಾ ನಿಯಮಗಳೇ ಸ್ಥಳೀಯ ಸಂಸ್ಥೆಯ ಹೊಣೆಗೆ ಸೇರಿಸಿದ್ದವು. ಕೈಗವಸು ಕೊಟ್ಟರೂ ಹಾಕುವುದಿಲ್ಲ ಎಂಬ ದೂರು ಸಭೆಗಳಲ್ಲಿ ಕೇಳಿಬರುತ್ತದೆ. ಕಾರಣ ವಿಚಾರಿಸಿದರೆ ಉತ್ತರ ಸಿಗುತ್ತದೆ: ಗಂಡಸರ ಅಳತೆಯ ಕೈಗವಸು ಹೆಂಗಸರ ಕೈಯಿಂದ ಜಾರುತ್ತದೆ, ಒಂದೇ ಜೊತೆ ಇರುವುದರಿಂದ ಒದ್ದೆಯಾದ ಮರುದಿನ ಹಾಕಲಾಗದು, ಹರಿದರೆ ಮತ್ತೆ ಕೊಡುವರೋ ಇಲ್ಲವೋ ಎಂದು ಅದನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಖರೀದಿಗೆ ಮುನ್ನ ಬಳಸುವವರ ಕೈಗೆ ಹಾಕಿ ನೋಡಿಸುವುದು, ಒಬ್ಬೊಬ್ಬರಿಗೆ ಎರಡು ಜೊತೆ ಕೊಡುವುದು, ಹರಿದದ್ದನ್ನು ತಂದರೆ ಪ್ರಶ್ನೆಯಿಲ್ಲದೆ ಬದಲಿಸುವುದು: ಈ ಮೂರರಿಂದ ದೂರು ಬಹುಪಾಲು ಮುಗಿಯುತ್ತದೆ. ಧನುರ್ವಾಯು ಚುಚ್ಚುಮದ್ದು, ಚರಂಡಿಗೆ ಇಳಿಯುವವರಿಗೆ ಮೊಣಕಾಲಿನವರೆಗಿನ ಬೂಟು, ಮಳೆಗಾಲದಲ್ಲಿ ಇಲಿಜ್ವರದ ಲಕ್ಷಣಗಳ ತಿಳಿವಳಿಕೆ ಇವೂ ಸೇರಿರಬೇಕು.

ತರಬೇತಿ ಹೇಗಿರಬೇಕು

ಸಭಾಂಗಣದಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ, ಊಟ ಬಡಿಸಿ, ಸಹಿ ಪಡೆದು ಕಳುಹಿಸುವ ತರಬೇತಿಯಿಂದ ಜ್ಞಾನ ಬಂದೀತು, ಅಭ್ಯಾಸ ಬರುವುದಿಲ್ಲ. ಅಪಾಯದ ಗಳಿಗೆಯಲ್ಲಿ ಮನುಷ್ಯ ಓದಿದ್ದನ್ನು ನೆನೆಯುವುದಿಲ್ಲ. ಅವನ ಕೈಗೆ ರೂಢಿಯಾದದ್ದನ್ನು ಕೈ ಮಾಡುತ್ತದೆ. ಆದುದರಿಂದ ತರಬೇತಿಯು ಪಂಪ್‌ಹೌಸಿನಲ್ಲಿ, ತೊಟ್ಟಿಯ ಕೆಳಗೆ, ಕಸದ ಶೆಡ್ಡಿನಲ್ಲಿ, ಅವರವರು ನಿತ್ಯ ಮುಟ್ಟುವ ಸಲಕರಣೆಯ ಮುಂದೆಯೇ ನಡೆಯಬೇಕು. ಒಂದು ಬಾರಿಗೆ ಒಂದೇ ವಿಷಯ, ಅರ್ಧ ಗಂಟೆ, ಪ್ರತಿಯೊಬ್ಬನೂ ಸ್ವತಃ ಮಾಡಿ ತೋರಿಸಬೇಕು. ಕಲಿಸಲು ವಿದ್ಯುತ್ ಕಂಪನಿಯ ಶಾಖಾಧಿಕಾರಿ, ಅಗ್ನಿಶಾಮಕ ಠಾಣೆಯ ಸಿಬ್ಬಂದಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಾಲ್ಲೂಕಿನಲ್ಲಿಯೇ ಇದ್ದಾರೆ. ಅವರಿಗೆ ಪಂಚಾಯಿತಿಯ ಪತ್ರವೊಂದು ಹೋಗಬೇಕು. ವಿದ್ಯುದಾಘಾತವಾದವನನ್ನು ಮುಟ್ಟುವ ಮೊದಲು ಸ್ವಿಚ್ ತೆಗೆಯುವುದು, ಉಸಿರು ನಿಂತಿದ್ದರೆ 108ಕ್ಕೆ ಕರೆ ಮಾಡಿಸಿ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರುವುದು: ಇದನ್ನು ಗೊಂಬೆಯ ಮೇಲೆ ಒಮ್ಮೆ ಮಾಡಿದ ಕೈ ಮರೆಯುವುದಿಲ್ಲ.

ತರಬೇತಿಯ ಪಟ್ಟಿಯಿಂದ ಸದಾ ತಪ್ಪಿಹೋಗುವವನೊಬ್ಬನಿದ್ದಾನೆ. ನೀರುಗಂಟಿಗೆ ಜ್ವರ ಬಂದ ದಿನ ಅವನ ಮಗನೋ ಹೆಂಡತಿಯೋ ಹೋಗಿ ಮೋಟಾರು ಹಾಕುತ್ತಾರೆ. ಅವರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ. ಅಪಾಯ ಮಾತ್ರ ಅವರಿಗೂ ಅಷ್ಟೇ. ಈ ಪದ್ಧತಿಯನ್ನು ಕಂಡೂ ಕಾಣದಂತೆ ಬಿಡಬಾರದು. ಪ್ರತಿ ಊರಿಗೂ ತರಬೇತಿ ಪಡೆದ ಬದಲಿ ವ್ಯಕ್ತಿಯೊಬ್ಬನನ್ನು ಪಂಚಾಯಿತಿಯೇ ಗುರುತಿಸಬೇಕು. ಮಕ್ಕಳು ಪಂಪ್‌ಹೌಸಿಗೆ ಕಾಲಿಡದಂತೆ ನೋಡಿಕೊಳ್ಳಬೇಕು.

ಸಣ್ಣದೊಂದು ಪುಸ್ತಕವೂ ಬೇಕು. ಕಾಲು ಜಾರಿತು, ಬೀಳಲಿಲ್ಲ. ಪೆಟ್ಟಿಗೆ ಮುಟ್ಟಿದಾಗ ಜುಮ್ಮೆಂದಿತು, ಏನೂ ಆಗಲಿಲ್ಲ. ಪಂಪ್‌ಹೌಸಿನಲ್ಲಿ ಹಾವಿತ್ತು, ನೋಡಿಕೊಂಡೆ: ಇವನ್ನೆಲ್ಲ ನೌಕರರು ಚಹಾದ ಅಂಗಡಿಯಲ್ಲಿ ಹೇಳಿ ನಗುತ್ತಾರೆ, ಪಂಚಾಯಿತಿಗೆ ಹೇಳುವುದಿಲ್ಲ. ಹೇಳಿದರೆ ಬೈಗುಳ ಬೀಳುತ್ತದೆಂಬ ಭಯ. ತಪ್ಪಿಹೋದ ಅಪಘಾತವೆಂದರೆ ಮುಂಬರುವ ಅಪಘಾತದ ಮುನ್ಸೂಚನೆ. ಬರೆಯಬಲ್ಲವರು ಬರೆಯಲಿ, ಉಳಿದವರು ಹೇಳಿ ಬರೆಸಲಿ. ಪ್ರತಿ ಸಾಮಾನ್ಯ ಸಭೆಯಲ್ಲಿ ಆ ಪುಟವನ್ನು ಓದಿ, ಸರಿಪಡಿಸಿದ್ದನ್ನು ಎದುರಿಗೆ ನಮೂದಿಸಬೇಕು. ಹೇಳಿದವನಿಗೆ ಶಿಕ್ಷೆಯಿಲ್ಲ ಎಂಬುದು ಆ ಪುಸ್ತಕದ ಮೊದಲ ಪುಟದ ಮೊದಲ ಸಾಲಾಗಿರಬೇಕು.

ಸದಸ್ಯರು ಕೈಗೊಳ್ಳಬಹುದಾದ ನಿರ್ಣಯಗಳು

ಮುಂದಿನ ಸಾಮಾನ್ಯ ಸಭೆಯ ಪರಿಶೀಲನೆಗೆ ಐದು ಅಂಶಗಳನ್ನು ಇಲ್ಲಿ ಇರಿಸಲಾಗಿದೆ.

1. ವಿದ್ಯುತ್ ಪೆಟ್ಟಿಗೆ ತೆರೆಯುವ ಕೆಲಸ, ತೊಟ್ಟಿ ಹತ್ತುವ ಕೆಲಸ ಇವೆರಡನ್ನೂ ಇಬ್ಬರಿಲ್ಲದೆ ಮಾಡಕೂಡದು. ಒಂದು ಊರಿಗೆ ಒಬ್ಬನೇ ನೀರುಗಂಟಿ ಇರುವಲ್ಲಿ ಪಕ್ಕದ ಊರಿನ ನೀರುಗಂಟಿಯೊಂದಿಗೆ ಜೋಡಿ ಮಾಡಿ, ತೊಟ್ಟಿ ಶುಚಿಗೊಳಿಸುವ ದಿನಗಳನ್ನು ಹೊಂದಿಸಬೇಕು.

2. ಗುಂಡಿಗೆ ಯಾರನ್ನೂ ಇಳಿಸಕೂಡದು.

3. ಅಪಾಯ ಕಂಡಲ್ಲಿ ಕೆಲಸ ನಿಲ್ಲಿಸಿ ತಿಳಿಸಿದ ನೌಕರನ ಮೇಲೆ ಆ ಕಾರಣಕ್ಕಾಗಿ ಯಾವ ಕ್ರಮವನ್ನೂ ಜರುಗಿಸಕೂಡದು. ವೇತನ ಕಡಿತ ಮಾಡಕೂಡದು.

4. ಭೂಸೋರಿಕೆ ರಕ್ಷಣೆ, ಭೂಸಂಪರ್ಕ, ಏಣಿಯ ದುರಸ್ತಿ ಮತ್ತು ವೈಯಕ್ತಿಕ ರಕ್ಷಣಾ ಸಲಕರಣೆಗಳಿಗೆ ವಾರ್ಷಿಕ ಆಯವ್ಯಯದಲ್ಲಿ ಪ್ರತ್ಯೇಕ ಮೊತ್ತ ತೋರಿಸಬೇಕು. ‘ಇತರೆ’ ಎಂಬ ಶೀರ್ಷಿಕೆಯಡಿ ಸೇರಿಸಿದ ಹಣ ಬೇರೆಯದಕ್ಕೇ ಹೋಗುತ್ತದೆ.

5. ಮೂರು ತಿಂಗಳಿಗೊಮ್ಮೆ ತರಬೇತಿ ನಡೆಯಬೇಕು. ಹೊಸಬರಿಗೆ ಕೆಲಸದ ಮೊದಲ ದಿನಕ್ಕೆ ಮುನ್ನವೇ ಆಗಬೇಕು. ಕನಿಷ್ಠ ಇಬ್ಬರು ಸದಸ್ಯರು ಪ್ರತಿ ತರಬೇತಿಯಲ್ಲಿ ನೌಕರರೊಂದಿಗೆ ಕುಳಿತು ಕಲಿಯಬೇಕು.

ಇವುಗಳಲ್ಲಿ ಮೂರನೆಯದು ಬರೆಯಲು ಸುಲಭ, ಪಾಲಿಸಲು ಕಷ್ಟ. ಜನರು ಕಾಯುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ನೀರಿಲ್ಲದ ಮನೆಯ ಕಷ್ಟ ಸಣ್ಣದಲ್ಲ. ಅದಕ್ಕೆ ಉತ್ತರವನ್ನು ತೊಂದರೆಯ ಬೆಳಗಿನಲ್ಲಿ ಹುಡುಕದೆ ಮೊದಲೇ ಸಿದ್ಧಪಡಿಸಿರಬೇಕು: ಯಾವ ಟ್ಯಾಂಕರಿಗೆ ಹೇಳುವುದು, ಯಾವ ಖಾಸಗಿ ಕೊಳವೆಬಾವಿಯಿಂದ ಒಂದು ಹೊತ್ತಿನ ನೀರು ಪಡೆಯುವುದು, ಯಾವ ವೈರ್‌ಮನ್ನನ್ನು ಕರೆಯುವುದು ಎಂಬ ಪಟ್ಟಿ ಪ್ರತಿ ವಾರ್ಡಿನ ಸದಸ್ಯರ ಬಳಿಯೂ ಇರಬೇಕು. ಇನ್ನುಳಿದದ್ದು ಜನರಿಗೆ ತಿಳಿಸುವ ಕೆಲಸ. ‘ಮೋಟಾರಿನಲ್ಲಿ ವಿದ್ಯುತ್ ಸೋರಿಕೆ ಇದೆ, ವೈರ್‌ಮನ್ ಬಂದ ಮೇಲೆ ನೀರು ಬಿಡಲಾಗುವುದು, ಅಲ್ಲಿಯವರೆಗೆ ಟ್ಯಾಂಕರ್ ಬರುತ್ತದೆ’ ಎಂಬ ಮಾತನ್ನು ನೀರುಗಂಟಿ ಹೇಳಿದರೆ ಜನರು ಅವನನ್ನು ಬೈಯುತ್ತಾರೆ. ಸದಸ್ಯರು ಹೇಳಿದರೆ ಕೇಳುತ್ತಾರೆ. ವಾರ್ಡಿನ ಒತ್ತಡಕ್ಕೂ ನೌಕರನಿಗೂ ನಡುವೆ ನಿಲ್ಲಬಲ್ಲ ಒಬ್ಬನೇ ವ್ಯಕ್ತಿ ವಾರ್ಡಿನ ಪ್ರತಿನಿಧಿ. ಆ ಒಂದು ಗಂಟೆಯ ಬೈಗುಳವನ್ನು ತಾನು ಹೊರಲು ಸದಸ್ಯನೊಬ್ಬ ಸಿದ್ಧನಿದ್ದರೆ ಪಂಪ್‌ಹೌಸಿನ ಬಾಗಿಲಲ್ಲಿ ನಿಂತವನು ಹಿಂದಕ್ಕೆ ಹೆಜ್ಜೆ ಇಡಬಲ್ಲ.

ಆರಂಭದಲ್ಲಿ ಹೇಳಿದ ಹಬ್ಬದ ಹಿಂದಿನ ದಿನದ ಆ ಬೆಳಗಿಗೆ ಮರಳಬಹುದು. ಮಳೆ ಅದೇ, ಕೆಟ್ಟ ಸ್ಟಾರ್ಟರ್ ಅದೇ, ಮನೆಯ ಮುಂದಿನ ಕೊಡಗಳೂ ಅವೇ. ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುತ್ತಿದೆ ಎಂದು ನೀರುಗಂಟಿ ಹೇಳುತ್ತಾನೆ. ಈ ಬಾರಿ ಸದಸ್ಯರ ಉತ್ತರ ಬೇರೆ: ‘ಮುಟ್ಟಬೇಡ, ದೂರ ನಿಲ್ಲು. ವೈರ್‌ಮನ್ನಿಗೆ ಹೇಳುತ್ತೇನೆ. ಜನರಿಗೆ ನಾನು ಹೇಳಿಕೊಳ್ಳುತ್ತೇನೆ.’ ಅಂದು ಊರಿಗೆ ನೀರು ಮೂರು ತಾಸು ತಡವಾಗಿ ಬರಬಹುದು. ನೀರುಗಂಟಿ ಮನೆಗೆ ಬಂದು ಊಟ ಮಾಡುತ್ತಾನೆ. ತರಬೇತಿಯ ಗುರಿ ಇಷ್ಟೇ.